ಸಿಲಿಕಾನಿನ ಬೆಳಕೂ ಅದರ ಮೇಲ್ಮೈಯೂ

ಸೇಡಂ ತಾಲ್ಲೂಕಿನ ಆದಿತ್ಯನಗರವು ಸಿಮೆಂಟಿನ ಊರು. ಕ್ಲಿಂಕರಿನ ಉಂಡೆಗೆ ನೀರೆರೆದರೆ ಅದು ಬಹು ಸಾವಕಾಶವಾಗಿ ಮಾರ್ಪಡುವುದೆಂದೂ ಅದನ್ನೇ ಜಿಪ್ಸಮ್ಮಿನೊಡನೆ ನುಣ್ಣಗೆ ಅರೆದು ನೀರು ಬೆರೆಸಿದರೆ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುವುದೆಂದೂ ಅಲ್ಲಿಯ ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾದುದಿಲ್ಲ. ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟಿನ ಒಂದು ಕಿಲೋಗ್ರಾಮಿಗೆ ಕನಿಷ್ಠ 225 ಚದರ ಮೀಟರು ಮೇಲ್ಮೈ ಇರಬೇಕೆಂಬುದು ಭಾರತೀಯ ಮಾನಕದ ವಿಧಿ. ನೀರಿನೊಡನೆ ಸಿಮೆಂಟಿನ ವ್ಯವಹಾರವು ಮೊದಲಾಗುವುದು ಮೇಲ್ಮೈಯಲ್ಲಿಯೇ.

ಆ ಸಿಮೆಂಟಿನ ಸಿಲಿಕೇಟುಗಳಲ್ಲಿ ಅಡಗಿರುವ ಸಿಲಿಕಾನು ಶುದ್ಧರೂಪದಲ್ಲಿ ಗಣಕಯಂತ್ರಗಳಿಗೆ ಆಧಾರವಾಗಿದೆ. ಬೆಳಕು ಬೀರುವುದರಲ್ಲಿ ಮಾತ್ರ ಅದು ಬಲು ಜಿಪುಣ. ಉತ್ತೇಜಿತವಾದ ಎಲೆಕ್ಟ್ರಾನು ಬೆಳಕನ್ನು ಬಿಟ್ಟು ಕೆಳಗಿಳಿಯಬೇಕಾದರೆ ಹರಳಿನ ಕಂಪನದ ನೆರವೂ ಕೂಡಿಬರಬೇಕು. ಆ ಯೋಗ ವಿರಳ. 1990ರಲ್ಲಿ ಇಂಗ್ಲೆಂಡಿನ ಲೀ ಕ್ಯಾನಮ್ ಎಂಬುವರು ಸಿಲಿಕಾನನ್ನು ಹೈಡ್ರೊಫ್ಲೂರಿಕ್ ಆಮ್ಲದಲ್ಲಿ ಕೊರೆದು ನವಿರಾಗಿಸಿದಾಗ ಅದು ಕೋಣೆಯ ಉಷ್ಣತೆಯಲ್ಲಿಯೇ ಕೆಂಪಗೆ ಬೆಳಗಿತು. ಕಾರಣ ಗಾತ್ರವೆಂದು ಅವರು ವಿವರಿಸಿದರು: ಹರಳು ಕಿರಿದಾದಷ್ಟೂ ಬಣ್ಣ ನೀಲಿಯ ಕಡೆಗೆ ಸರಿಯುವುದು. ಸಣ್ಣ ಹರಳುಗಳ ಈ ಗುಣವನ್ನು ಕುರಿತ ಸಂಶೋಧನೆಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆತ ಮೇಲಂತೂ ಗಾತ್ರದ ಮಹಿಮೆಯೇ ಎಲ್ಲೆಲ್ಲೂ ಕೇಳಿಬರುತ್ತಿದೆ.

ಇದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ಎರಡು ನ್ಯಾನೊಮೀಟರು ಅಡ್ಡಳತೆಯ ಸಿಲಿಕಾನು ಹರಳಿನಲ್ಲಿ ಇರುವುದೇ ಸುಮಾರು 200 ಪರಮಾಣುಗಳು. ಅವುಗಳಲ್ಲಿ ದೊಡ್ಡ ಪಾಲು ಮೇಲ್ಮೈಯಲ್ಲಿದೆ. ಅಲ್ಲಿ ಒಂದೇ ಒಂದು ಬಂಧ ಸಂಗಾತಿಯಿಲ್ಲದೆ ಉಳಿದರೂ ಉತ್ತೇಜಿತ ಎಲೆಕ್ಟ್ರಾನು ಅದರಲ್ಲಿ ಸಿಕ್ಕಿಬೀಳುವುದು, ಅದರ ಶಕ್ತಿ ಶಾಖವಾಗಿ ವ್ಯರ್ಥವಾಗುವುದು, ಹರಳು ಕತ್ತಲಾಗುವುದು. ಜಲಜನಕವೋ ಇಂಗಾಲದ ಸರಪಳಿಯೋ ಆ ಬಂಧವನ್ನು ತುಂಬಿದರೆ ಬೆಳಕು ಮರಳುವುದು. ಆಮ್ಲಜನಕದ ಕಥೆ ಇನ್ನೂ ಸ್ವಾರಸ್ಯವಾದುದು. ಜಲಜನಕದ ಹೊದಿಕೆಯುಳ್ಳ ಅತಿ ಸಣ್ಣ ಹರಳುಗಳನ್ನು ಆರ್ಗಾನಿನಲ್ಲಿ ಕಾಪಾಡಿದರೆ ಅವು ನೀಲಿಯಾಗಿ ಹೊಳೆಯುವುದನ್ನೂ, ಗಾಳಿ ಸೋಕಿದ ಕೆಲವೇ ನಿಮಿಷಗಳಲ್ಲಿ ಕೆಂಪಿಗೆ ತಿರುಗುವುದನ್ನೂ ಅಮೆರಿಕದ ರಾಚೆಸ್ಟರಿನ ಸಂಶೋಧಕರೂ ಅವರ ಸಂಗಡಿಗರೂ 1999ರಲ್ಲಿ ಪ್ರಕಟಿಸಿದರು. ಹರಳಿನ ಗಾತ್ರ ಆ ಕೆಲವು ನಿಮಿಷಗಳಲ್ಲಿ ಹಿಗ್ಗಿದುದೇನೂ ಇಲ್ಲ. ಮೇಲ್ಮೈಯಲ್ಲಿ ಆಮ್ಲಜನಕ ಬಂದು ಕುಳಿತುದೇ ಬಣ್ಣವನ್ನು ಬದಲಿಸಿತು.

ರಸಾಯನಶಾಸ್ತ್ರವನ್ನು ಬರಿಯ ಕಂಠಪಾಠವೆಂದು ಬಗೆದು ಭೌತಶಾಸ್ತ್ರವೊಂದನ್ನೇ ನೆಚ್ಚುವ ತರುಣರುಂಟು. ಅಂಥವರು ಈ ಹರಳಿನ ಗಾತ್ರವನ್ನು ಲೆಕ್ಕಹಾಕಿ ಬಣ್ಣವನ್ನು ಮುಂದಾಗಿ ನುಡಿದಾರು. ಸೀಸೆಯ ಬಿರಡೆ ತೆಗೆದೊಡನೆ ಆ ನುಡಿ ಸುಳ್ಳಾದೀತು. ಕ್ಯಾಡ್ಮಿಯಮ್ಮಿನ ಹರಳುಗಳು ಚೆನ್ನಾಗಿ ಹೊಳೆಯುವುವಾದರೂ ಆ ಲೋಹ ವಿಷ. ಸಿಲಿಕಾನೋ ನಮ್ಮ ಮರಳಿನಲ್ಲಿಯೂ ಮಣ್ಣಿನಲ್ಲಿಯೂ ಬೇಕಾದಷ್ಟಿದೆ. ಕೊರತೆಯಿರುವುದು ಅದಕ್ಕೆ ತಕ್ಕ ಹೊದಿಕೆಯನ್ನು ತೊಡಿಸಬಲ್ಲ ಕೈಗಳಿಗೆ.