ಸಿಂಹವನ್ನು ಉಳಿಸಿದವರು ಪ್ರವಾಸಿಗರಲ್ಲ

‘ಪ್ರವಾಸಿಗರು ಬಂದರೆ ವನ್ಯಜೀವಿಗಳು ಉಳಿಯುತ್ತವೆ’ ಎಂಬ ಮಾತು ಸರ್ಕಾರಿ ಕಡತಗಳಿಂದ ಹಿಡಿದು ರೆಸಾರ್ಟುಗಳ ಕರಪತ್ರಗಳವರೆಗೆ ಮಂತ್ರದಂತೆ ಜಪಿಸಲ್ಪಡುತ್ತಿದೆ. ಇದಕ್ಕೆ ಪುರಾವೆಯಾಗಿ ಮತ್ತೆ ಮತ್ತೆ ತೋರಿಸಲಾಗುವ ದೇಶ ಆಫ್ರಿಕದ ನಮೀಬಿಯಾ. ಆದರೆ ಆ ದೇಶದ ಚರಿತ್ರೆ ಹೇಳುವುದು ಬೇರೆಯದೇ ಕಥೆ.

ಅಟ್ಲಾಂಟಿಕ್ ಸಾಗರದ ಅಂಚಿನುದ್ದಕ್ಕೂ ಹಬ್ಬಿರುವ ನಮೀಬ್ ಮರುಭೂಮಿಯ ಕರಾವಳಿಯಲ್ಲಿ ವರ್ಷಕ್ಕೆ 25 ಮಿ.ಮೀ. ಮಳೆಯೂ ಬೀಳುವುದಿಲ್ಲ. ಶೀತಲವಾದ ಬೆಂಗ್ವೇಲ ಪ್ರವಾಹದಿಂದ ಏಳುವ ಮಂಜೇ ಅಲ್ಲಿನ ಜೀವಜಲ. ಉತ್ತರದಲ್ಲಿ ಬತ್ತಿದ ನದೀಪಾತ್ರಗಳ ಗುಂಟ ಆನೆ, ಕಪ್ಪು ಘೇಂಡಾಮೃಗ, ಸಿಂಹಗಳು ಬದುಕುತ್ತವೆ. ಕಡಲತೀರಕ್ಕಿಳಿದು ಸೀಲ್, ನೀರುಕಾಗೆಗಳನ್ನು ಬೇಟೆಯಾಡುವ ಸಿಂಹಗಳನ್ನು ನೋಡಲು ದೂರದೇಶಗಳ ಧನಿಕರು ಬರುತ್ತಾರೆ.

ಈ ಪ್ರಾಣಿಗಳು ಉಳಿದುದು ಹೇಗೆ? 1980ರ ದಶಕದ ಆರಂಭದಲ್ಲಿ ಭೀಕರ ಬರ ಮತ್ತು ಕಳ್ಳಬೇಟೆಯಿಂದ ಅವು ಅಳಿವಿನಂಚಿಗೆ ಬಂದಿದ್ದವು. ಆಗ ಸಂರಕ್ಷಣಾವಾದಿ ಗಾರ್ತ್ ಓವೆನ್-ಸ್ಮಿತ್ ಅವರ ಜೊತೆಗೂಡಿ ಹೆರೇರೊ, ಹಿಂಬಾ, ಡಮಾರಾ ಸಮುದಾಯಗಳ ಯಜಮಾನರು ತಮ್ಮ ಜನರನ್ನೇ ಕಾವಲಿಗೆ ನೇಮಿಸಿದರು. ಅಂದು ಅಲ್ಲಿ ಐಷಾರಾಮಿ ವಸತಿಗೃಹಗಳ ಸಾಲು ಇರಲಿಲ್ಲ. ದನಗಾಹಿಗಳು ಕಾದು ಉಳಿಸಿದುದನ್ನು ನೋಡಲು ಪ್ರವಾಸಿಗ ಅನಂತರ ಬಂದ. 1996ರ ಕಾನೂನು ತಿದ್ದುಪಡಿಯು ವನ್ಯಜೀವಿ ಮತ್ತು ಪ್ರವಾಸೋದ್ಯಮದ ಆದಾಯದ ಹಕ್ಕನ್ನು ಸಮುದಾಯಗಳಿಗೆ ನೀಡಿತು. ಇಂದು ಅಂಥ 86 ಸಮುದಾಯ ಸಂರಕ್ಷಣಾ ಪ್ರದೇಶಗಳಿವೆ. ಇದು ನಿಜವಾದ ಸಾಧನೆ. ಆದರೆ ಇದರ ಕೀರ್ತಿ ಸಲ್ಲಬೇಕಾದುದು ಹಕ್ಕಿಗೆ ಮತ್ತು ಕಾವಲಿಗೆ, ಕ್ಯಾಮೆರಾಕ್ಕಲ್ಲ.

ಮಿತಿಯಿಲ್ಲದ ಪ್ರವಾಸ ಮಾಡುವ ಹಾನಿಗೂ ಅದೇ ಕರಾವಳಿ ಸಾಕ್ಷಿ. ಅಲ್ಲಿನ ಜಲ್ಲಿಬಯಲುಗಳ ಮೇಲೆ ಕಲ್ಲುಹೂವು ಹಾಸಿದೆ. ಮಂಜಿನ ತೇವವನ್ನೇ ಕುಡಿದು ಅತಿ ನಿಧಾನವಾಗಿ ಬೆಳೆಯುವ ಈ ಹೊದಿಕೆ ಮಣ್ಣನ್ನು ಹಿಡಿದಿಡುತ್ತದೆ. ಮೋಜಿಗಾಗಿ ಓಡಿಸಿದ ಒಂದು ವಾಹನದ ಗಾಲಿಗುರುತು ಅಲ್ಲಿ ದಶಕಗಳ ಕಾಲ ಮಾಸುವುದಿಲ್ಲ. ಅದೇ ಬಯಲಿನಲ್ಲಿ, ಬರಿನೆಲದ ಮೇಲೆ, ಡಮಾರಾ ಟರ್ನ್ ಎಂಬ ಪುಟ್ಟ ಕಡಲಹಕ್ಕಿ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುತ್ತದೆ. ಚಾಲಕನ ಕಣ್ಣಿಗೆ ಅದು ಮತ್ತೊಂದು ಬೆಣಚುಕಲ್ಲು ಅಷ್ಟೇ. 2010ರಲ್ಲಿ ಮಧ್ಯ ಕರಾವಳಿಯನ್ನು ಡೋರೋಬ್ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿ ವಾಹನಗಳಿಗೆ ಕಡಿವಾಣ ಹಾಕಬೇಕಾಯಿತು.

ಇನ್ನು ನಷ್ಟ ಯಾರದು? ‘ಐವರು ಮಸ್ಕಟೀರರು’ ಎಂದು ಹೆಸರಾಗಿದ್ದ ಐದು ಗಂಡು ಸಿಂಹಗಳಲ್ಲಿ ನಾಲ್ಕು, ದನಗಾಹಿಗಳೊಡನೆ ನಡೆದ ಸಂಘರ್ಷದಲ್ಲಿ 2016ರಲ್ಲಿ ಗುಂಡಿಗೂ ವಿಷಕ್ಕೂ ಬಲಿಯಾದವು. ಜಗತ್ತು ಸಿಂಹಗಳಿಗಾಗಿ ಕಣ್ಣೀರಿಟ್ಟಿತು. ಬರದಲ್ಲಿ ಅಳಿದುಳಿದ ದನಗಳನ್ನೂ ಕಳೆದುಕೊಂಡ ಕುಟುಂಬಗಳಿಗಾಗಿ ಅತ್ತವರು ವಿರಳ. ಸತ್ತ ಹಸುವಿಗೆ ದೊರೆಯುವ ಪರಿಹಾರ ಅದರ ಮಾರುಕಟ್ಟೆ ಬೆಲೆಯನ್ನು ಮುಟ್ಟುವುದಿಲ್ಲ. ವಿಷವಿಕ್ಕಿದುದು ಸರಿಯೆಂದು ಯಾರೂ ವಾದಿಸಲಾರರು. ಆದರೆ ಸಿಂಹ ತೋರಿಸಿ ಗಳಿಸಿದ ಹಣ ಒಬ್ಬರಿಗೆ, ಸಿಂಹ ತಿಂದ ಹಸುವಿನ ದುಃಖ ಇನ್ನೊಬ್ಬರಿಗೆ ಎಂಬ ಲೆಕ್ಕಾಚಾರ ಎಷ್ಟು ಕಾಲ ನಡೆದೀತು?

2020ರಲ್ಲಿ ಕೊರೊನಾ ಬಂದಾಗ ವಿಮಾನಗಳು ನಿಂತವು, ಪ್ರವಾಸಿಗರು ಮಾಯವಾದರು, ಆದಾಯ ಬತ್ತಿತು. ಸಿಂಹ ಅಲ್ಲೇ ಇತ್ತು. ಅದರ ನೆರೆಯಲ್ಲಿ ದನಗಾಹಿಯೂ ಇದ್ದ.

ಮಲೆನಾಡಿನಲ್ಲಿ ಆನೆ ತುಳಿದ ಗದ್ದೆಯ ಬದುವಿನಲ್ಲಿ ನಿಂತ ರೈತನಿಗೆ ಈ ಪಾಠ ಹೊಸದಲ್ಲ. ಪರಿಸರ ಪ್ರವಾಸೋದ್ಯಮದ ಹೆಸರಿನಲ್ಲಿ ಊರಿಗೆ ಬರುವ ಪ್ರತಿಯೊಂದು ಯೋಜನೆಯನ್ನೂ ಗ್ರಾಮಸಭೆಗಳು ಮೂರು ಪ್ರಶ್ನೆ ಕೇಳಬೇಕು: ಹಕ್ಕು ಯಾರದು? ಮಿತಿ ಎಷ್ಟು? ನಷ್ಟ ಹೊರುವವರಿಗೆ ಮೊದಲ ಪಾಲು ಉಂಟೇ? ಈ ಮೂರಕ್ಕೂ ಉತ್ತರವಿಲ್ಲದ ಯೋಜನೆ ಹಸಿರು ಬಣ್ಣ ಬಳಿದುಕೊಂಡ ಗಣಿಗಾರಿಕೆಯಲ್ಲದೆ ಬೇರೇನೂ ಅಲ್ಲ.