ಹಳೆಯ ಕಂಪ್ಯೂಟರಿಗೆ ಯಾವ ಲಿನಕ್ಸ್?

ಬೆಂಗಳೂರಿನ ಉತ್ತರ ಭಾಗದ ಸಿಂಗಾಪುರ, ಎಂ.ಎಸ್. ಪಾಳ್ಯ, ವಿದ್ಯಾರಣ್ಯಪುರದಂಥ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಎಂಟು ಹತ್ತು ವರ್ಷದ ಹಿಂದೆ ಕೊಂಡ ಕಂಪ್ಯೂಟರ್ ಇದೆ. ಅಕ್ಕ ಕಾಲೇಜಿಗೆಂದು ಬಳಸಿದ್ದು ಈಗ ತಮ್ಮನ ಪಾಲಿಗೆ ಬಂದಿರುತ್ತದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಕೇಳುವ ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯ ಅನೇಕ ಹಳೆಯ ಯಂತ್ರಗಳಲ್ಲಿ ಇಲ್ಲ. ಯಂತ್ರ ಕೆಟ್ಟಿಲ್ಲ, ಆದರೂ ಹೊಸದಕ್ಕೆ ಹಣ ಹೊಂದಿಸಬೇಕೇ? ಅಂಥ ಪೋಷಕರು ಮೊದಲು ಲಿನಕ್ಸನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಲಿನಕ್ಸ್ ಎಂದೊಡನೆ ಎದುರಾಗುವುದು ಹೆಸರುಗಳ ಸಂತೆ: ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ. ಇದನ್ನು ಹೀಗೆ ತಿಳಿಯಬಹುದು. ಒಂದೇ ಚಾಸಿಯ ಮೇಲೆ ಬಸ್ಸಿನ ಬಾಡಿಯನ್ನೂ ಕಟ್ಟಬಹುದು, ಲಾರಿಯ ಬಾಡಿಯನ್ನೂ ಕಟ್ಟಬಹುದು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದ ‘ಕರ್ನಲ್’ ಈ ಚಾಸಿ ಇದ್ದಂತೆ. ಅದರ ಮೇಲೆ ಬೇಕಾದ ತಂತ್ರಾಂಶಗಳನ್ನೆಲ್ಲ ಜೋಡಿಸಿ ಕೊಡುವ ಪೂರ್ಣ ವಾಹನವೇ ‘ಡಿಸ್ಟ್ರಿಬ್ಯೂಷನ್’. ಚಾಲಕನ ಕಣ್ಣೆದುರಿನ ಸ್ಟೇರಿಂಗ್, ಮೀಟರುಗಳ ಜಾಗದಲ್ಲಿ ‘ಡೆಸ್ಕ್‌ಟಾಪ್’ ಇರುತ್ತದೆ. ಮೆನು, ಕಿಟಕಿ, ಚಿತ್ರಗುಂಡಿಗಳೆಲ್ಲ ಅದರದೇ.

ಡೆಸ್ಕ್‌ಟಾಪಿನಲ್ಲೂ ಹಲವು ಬಗೆ. 1996ರಲ್ಲಿ ಆರಂಭವಾದ ಕೆ.ಡಿ.ಇ. ಮತ್ತು 1997ರ ಗ್ನೋಮ್ ಹೆಚ್ಚು ಸೌಕರ್ಯ ಕೊಡುತ್ತವೆ. ಎಕ್ಸ್.ಎಫ್.ಸಿ.ಇ. ಸರಳ, ಹಗುರ. 2 ಜಿ.ಬಿ. ರ‍್ಯಾಮ್ ಇರುವ ಯಂತ್ರಕ್ಕೆ ಹಗುರವಾದದ್ದೇ ಸರಿ. 4 ಜಿ.ಬಿ. ಇದ್ದರೆ ಮಿಂಟ್‌ನ ಸಿನಮನ್ ಡೆಸ್ಕ್‌ಟಾಪನ್ನು ನೋಡಬಹುದು. ಅದು ವಿಂಡೋಸ್ ಬಲ್ಲವರಿಗೆ ಅಪರಿಚಿತ ಎನಿಸದು. 8 ಜಿ.ಬಿ. ಇದ್ದರೆ ಯಾವುದಾದರೂ ಆದೀತು. ಆದರೆ ಒಂದು ಮಾತು: ಡೆಸ್ಕ್‌ಟಾಪ್ ಹಗುರವಾದ ಮಾತ್ರಕ್ಕೆ ಬ್ರೌಸರ್ ಹಗುರವಾಗದು. ಹುಡುಗ ಇಪ್ಪತ್ತು ಪುಟ ತೆರೆದಿಟ್ಟರೆ ಯಾವ ಲಿನಕ್ಸೂ ಕುಂಟುತ್ತದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಹಾಕಿಸಿದರೆ ಆಗುವ ಲಾಭ ಡೆಸ್ಕ್‌ಟಾಪ್ ಬದಲಿಸಿದ್ದಕ್ಕಿಂತ ಹೆಚ್ಚು.

ಡಿಸ್ಟ್ರಿಬ್ಯೂಷನ್ ಆರಿಸುವಾಗ ಅಂದಕ್ಕಿಂತ ಆಯಸ್ಸು ಮುಖ್ಯ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಉಚಿತವಾಗಿ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. 2024ರಲ್ಲಿ ಬಂದ ಉಬುಂಟು 24.04 ಮತ್ತು ಅದನ್ನೇ ಆಧರಿಸಿದ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಫೆಡೋರಾದಲ್ಲಿ ಹೊಸತು ಬೇಗ ಬರುತ್ತದೆ. ಆದರೆ ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳ ಆಯಸ್ಸು ಮಾತ್ರ. ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಮೊದಲಿನವೇ ವಾಸಿ.

ಕನ್ನಡದ ಗತಿಯೇನು ಎಂಬ ಆತಂಕ ಬೇಡ. ಲೋಹಿತ್, ಗುಬ್ಬಿ, ನವಿಲು ಅಕ್ಷರಶೈಲಿಗಳು ಲಿನಕ್ಸಿನಲ್ಲಿ ಉಚಿತವಾಗಿ ಸಿಗುತ್ತವೆ. ‘ನುಡಿ’ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಉಂಟು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನೇ ನೋಡಬಹುದು. ಕೇರಳದ ಕೈಟ್ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ರೂಪಿಸಿದ ಲಿನಕ್ಸಿನಲ್ಲಿ ಅವರು ಪಾಠ ಕಲಿಯುತ್ತಾರೆ, ಎಸ್.ಎಸ್.ಎಲ್.ಸಿ.ಯ ಐ.ಟಿ. ಪರೀಕ್ಷೆಯನ್ನೂ ಎದುರಿಸುತ್ತಾರೆ. ಇದು ಬರೀ ಎಂಜಿನಿಯರುಗಳ ಸೊತ್ತಲ್ಲ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಹಾಕಿಕೊಳ್ಳುವುದೂ ತರವಲ್ಲ. ಆಟೋಕ್ಯಾಡ್‌ನಂಥ ಕೆಲವು ತಂತ್ರಾಂಶಗಳಿಗೆ ಲಿನಕ್ಸ್ ಆವೃತ್ತಿ ಇಲ್ಲ. ಮಗ ಅಥವಾ ಮಗಳ ಕಾಲೇಜಿನಲ್ಲಿ ಏನು ಬಳಸುತ್ತಾರೆ, ಆನ್‌ಲೈನ್ ಪರೀಕ್ಷೆಗೆ ಏನು ಬೇಕು ಎಂದು ಮೊದಲೇ ವಿಚಾರಿಸಬೇಕು. ನಂತರ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಚಾಲೂ ಮಾಡಿ ನೋಡಬೇಕು. ಹಾರ್ಡ್ ಡಿಸ್ಕಿನಲ್ಲಿ ಇರುವುದನ್ನು ಅಳಿಸದೆ ಹೀಗೆ ಪರೀಕ್ಷಿಸಲು ಬರುತ್ತದೆ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಇವು ನಾಲ್ಕೂ ನಡೆದರೆ ಅರ್ಧ ಕೆಲಸ ಮುಗಿದಂತೆ. ಸ್ಥಾಪಿಸುವ ಮುನ್ನ ಫೋಟೋ, ಪ್ರಾಜೆಕ್ಟ್, ಅಂಕಪಟ್ಟಿಗಳ ಪ್ರತಿಯನ್ನು ಬೇರೆಡೆ ಉಳಿಸಿಕೊಳ್ಳಲೇಬೇಕು. ಸ್ಥಾಪನೆಯ ವೇಳೆ ಒಂದು ತಪ್ಪು ಆಯ್ಕೆ ಇಡೀ ಡಿಸ್ಕನ್ನು ಅಳಿಸಿಬಿಡಬಲ್ಲದು.

ಕೊನೆಯ ಮಾತು ವಿದ್ಯಾರ್ಥಿಗಳಿಗೆ. ವಾರಕ್ಕೊಂದು ಡಿಸ್ಟ್ರಿಬ್ಯೂಷನ್ ಬದಲಿಸುವುದು ಕಲಿಕೆಯಲ್ಲ, ಚಪಲ. ಒಂದನ್ನು ಆರಿಸಿಕೊಂಡು ಒಂದು ವರ್ಷವಾದರೂ ಅದರಲ್ಲೇ ಬರೆದು, ಲೆಕ್ಕ ಮಾಡಿ, ಒಂದಿಷ್ಟು ಪೈಥಾನ್ ಕಲಿತವರಿಗೆ ಉಳಿದವುಗಳ ಗುಟ್ಟೂ ತಾನಾಗಿಯೇ ತಿಳಿಯುತ್ತದೆ. ಚಾಸಿ ಒಂದೇ ತಾನೆ!