ಅಡಗಿದ ಸದ್ದು

ನೆಲಮಂಗಲದಿಂದ ಶಿವಗಂಗೆಗೆ ಹೊರಟ ಮುಂಜಾನೆ ನಮ್ಮ ಹಳೆಯ ಕಾರು ಟಿಕ್ ಟಿಕ್ ಎನ್ನುತ್ತಿತ್ತು. ದಾಬಸ್‌ಪೇಟೆ ತಲುಪುವಷ್ಟರಲ್ಲಿ ಸದ್ದು ಅಡಗಿತು. ನಾವು ನಿಶ್ಚಿಂತರಾದೆವು. ತಪ್ಪಿದ್ದು ಅಲ್ಲಿಯೇ. ಇಂಜಿನ್ ಹೆಡ್ಡಿಗೂ ಹೊಗೆ ಸಾಗುವ ಮ್ಯಾನಿಫೋಲ್ಡಿಗೂ ನಡುವಿನ ಗ್ಯಾಸ್ಕೆಟ್, ಅಂದರೆ ಗ್ಯಾರೇಜಿನವರ ‘ಪ್ಯಾಕಿಂಗ್’, ಸೀಳಿತ್ತು. ಕಾದ ಲೋಹ ಹಿಗ್ಗಿ ಸಂದು ಮುಚ್ಚಿತ್ತೇ ಹೊರತು ದೋಷ ಹೋಗಿರಲಿಲ್ಲ. ಸೋರುವ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳು ತಲೆನೋವೆಂದರೆ ಪಯಣದ ಆಯಾಸವೆನ್ನದೆ ಕಾರು ನಿಲ್ಲಿಸಿ ಕೆಳಗಿಳಿಸಬೇಕು.

ಇಂಜಿನ್ ತಣಿದ ಮೇಲೆಯೇ ಕೆಲಸ. ಎರಡೂ ಮುಖಗಳನ್ನು ಗೀರು ಬೀಳದಂತೆ ಶುಚಿಗೊಳಿಸಿ, ಉಕ್ಕಿನ ಪಟ್ಟಿಯಿಟ್ಟು ಮ್ಯಾನಿಫೋಲ್ಡ್ ಬಾಗಿದೆಯೇ ನೋಡಬೇಕು. ಹಳೆಯ ಪ್ಯಾಕಿಂಗ್ ಮತ್ತೆ ಸಲ್ಲದು. ನಟ್ಟುಗಳನ್ನು ನಡುವಿನಿಂದ ಅಂಚಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಸಬೇಕು. ನಮ್ಮ ಕಾರಿಗೆ ಮೊದಲ ಸಲ ಒಂದೇ ತುದಿಯಿಂದ ಬಿಗಿದರು. ತಿಂಗಳೊಳಗೆ ಮತ್ತೆ ಟಿಕ್ ಟಿಕ್.